ದೆವ್ವ ಅದೇ, ಬಂಗಲೆ ಬೇರೆ

ಮೈಸೂರಿನಲ್ಲಿ ವಿಷ್ಣುವರ್ಧನ್ ಅಭಿಮಾನಿಯೊಬ್ಬರ ಎದುರು ‘ಚಂದ್ರಮುಖಿ’ ಒಳ್ಳೆಯ ಸಿನಿಮಾ ಎಂದು ಹೇಳಿ ನೋಡಿ. ಅಗ್ರಹಾರದ ಸರ್ಕಲ್ಲಾಗಲಿ, ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತಾಗಲಿ, ಮುಂದಿನ ಅರ್ಧ ಗಂಟೆ ಅಲ್ಲಿಂದ ನಿಮಗೆ ಬಿಡುಗಡೆಯಿಲ್ಲ. ‘ನಮ್ ಯಜಮಾನ್ರು ಮಾಡಿದ್ದನ್ನ ನೋಡ್ಕೊಂಡು ತಾನೇ ಸಾರ್ ಅವ್ರು ಮಾಡಿದ್ದು’ ಎಂದು ಮಾತು ಶುರುವಾಗುತ್ತದೆ. ‘ಹೌಲಾ ಹೌಲಾ’ದ ಮುಂದೆ ‘ಲಕ ಲಕ’ ಯಾವ ಲೆಕ್ಕ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಇದಕ್ಕೂ ಮೊದಲು 1993ರಲ್ಲೇ ಮಲಯಾಳದಲ್ಲಿ ಫಾಸಿಲ್ ‘ಮಣಿಚಿತ್ರತಾಳ್’ ಮಾಡಿದ್ದರಲ್ಲ ಎಂದು ನೀವು ನೆನಪಿಸಿದರೆ ಒಂದು ಕ್ಷಣ ಮೌನ. ಆಮೇಲೆ, ‘ಅದ್ ಬಿಡಿ ಸಾರ್, ಅದ್ರಲ್ಲಿ ನಮ್ಮ ವಿಜಯ ರಾಜೇಂದ್ರ ಬಹದ್ದೂರ್ ಇದ್ನಾ?’

ಈ ಜಗಳದಲ್ಲಿ ಯಾರೂ ಎತ್ತದ ಹೆಸರೊಂದಿದೆ: ಪಿ. ವಾಸು. 2004ರ ಆಗಸ್ಟಿನಲ್ಲಿ ತೆರೆಗೆ ಬಂದ, ವಿಷ್ಣುವರ್ಧನ್ ಅವರ ‘ಆಪ್ತಮಿತ್ರ’ವನ್ನು ನಿರ್ದೇಶಿಸಿದವರು ಅವರೇ. ಎಂಟೇ ತಿಂಗಳಲ್ಲಿ, 2005ರ ಏಪ್ರಿಲ್‌ನಲ್ಲಿ ‘ಚಂದ್ರಮುಖಿ’ಯನ್ನು ತಮಿಳರಿಗೆ ಕೊಟ್ಟವರೂ ಅವರೇ. ಕದ್ದವರಿಲ್ಲ, ಕಳೆದುಕೊಂಡವರಿಲ್ಲ. ಒಬ್ಬ ನಿರ್ದೇಶಕ ತನ್ನದೇ ಕೆಲಸವನ್ನು ಇನ್ನೊಮ್ಮೆ ಮಾಡಿದ, ಅಷ್ಟೆ. ಆದರೂ ನಮ್ಮವರಿಗೆ ಮನೆಯೊಳಗಿನ ಏನನ್ನೋ ಯಾರೋ ಎತ್ತಿಕೊಂಡು ಹೋದ ಸಂಕಟ. ಆ ಸಂಕಟದಲ್ಲಿ ಎಷ್ಟು ನ್ಯಾಯವಿದೆ, ಎಷ್ಟು ಹಟವಿದೆ ಎಂದು ನೋಡುವ ಆಸೆ ನನಗೆ ಮೊದಲಿನಿಂದಲೂ ಇದೆ. ದೆವ್ವದ ಸಿನಿಮಾಗಳ ವಿಷಯದಲ್ಲಿ ಇದು ಇನ್ನಷ್ಟು ಸ್ವಾರಸ್ಯದ ಪ್ರಶ್ನೆ. ಹಾಡು, ಹೊಡೆದಾಟ, ಕಣ್ಣೀರು ಎರಡನೆಯ ಸಲವೂ ನಾಟುತ್ತವೆ. ಹೆದರಿಕೆ ಹಾಗಲ್ಲ.

ತನ್ನ ದೆವ್ವವನ್ನು ತಾನೇ ಇನ್ನೊಂದು ಭಾಷೆಗೆ ಕರೆದೊಯ್ಯುವುದು ಕನ್ನಡದಲ್ಲಿ ಹೊಸದೇನಲ್ಲ. ‘ಗಂಧದ ಗುಡಿ’ಯ ನಿರ್ದೇಶಕ ವಿಜಯ್ 1979ರಲ್ಲಿ ‘ನಾ ನಿನ್ನ ಬಿಡಲಾರೆ’ ಮಾಡಿದರು. ಅನಂತ್‌ನಾಗ್, ಲಕ್ಷ್ಮಿ, ಬೆನ್ನಟ್ಟಿ ಬರುವ ಕಾಮಿನಿ. ನಮ್ಮ ಅಮ್ಮಂದಿರ ಪೀಳಿಗೆಗೆ ಆ ಹೆಸರು ಹೇಳಿದರೆ ಇವತ್ತಿಗೂ ಒಂದು ಸಲ ಹಿಂದೆ ತಿರುಗಿ ನೋಡುತ್ತಾರೆ. ದೊಡ್ಡ ಸೆಟ್ಟಿಲ್ಲ, ಯಂತ್ರತಂತ್ರದ ಚಮತ್ಕಾರವಿಲ್ಲ. ಇದ್ದದ್ದು ಅನಂತ್‌ನಾಗ್ ಅವರ ಮುಖ. ಸೌಮ್ಯ ಗಂಡಸೊಬ್ಬನ ಮೈಮೇಲೆ ಹೆಣ್ಣು ದೆವ್ವ ಬಂದಾಗ ಕಣ್ಣು, ಕುತ್ತಿಗೆ, ನಡಿಗೆ ಹೇಗೆ ಬೇರೆಯಾಗುತ್ತವೆ ಎಂಬುದನ್ನು ಅವರು ತೋರಿಸಿದ್ದೇ ಆ ಚಿತ್ರದ ಸ್ಪೆಷಲ್ ಎಫೆಕ್ಟ್. ಸಂಗೀತ ರಾಜನ್–ನಾಗೇಂದ್ರ ಅವರದು. ಮೈಸೂರಿನ ಶಿವರಾಂಪೇಟೆಯ ಅಣ್ಣತಮ್ಮಂದಿರು. ಮೂಕಿ ಚಿತ್ರಗಳ ಕಾಲದಲ್ಲಿ ತೆರೆಯ ಮುಂದೆ ಕೂತು ವಾದ್ಯ ನುಡಿಸುತ್ತಿದ್ದ ರಾಜಪ್ಪನವರ ಮಕ್ಕಳು.

1981ರಲ್ಲಿ ವಿಜಯ್ ಅದೇ ಕಥೆಯನ್ನು ಹಿಂದಿಯಲ್ಲಿ ‘ಮಂಗಳಸೂತ್ರ’ ಎಂದು ಮಾಡಿದರು. ನಾಯಕ ಅದೇ ಅನಂತ್‌ನಾಗ್. ಲಕ್ಷ್ಮಿಯ ಜಾಗದಲ್ಲಿ ರೇಖಾ, ಶಿವರಾಂಪೇಟೆಯವರ ಜಾಗದಲ್ಲಿ ಆರ್.ಡಿ. ಬರ್ಮನ್. ನಿರ್ದೇಶಕ ಅವನೇ, ದೆವ್ವ ಹಿಡಿಸಿಕೊಂಡವನೂ ಅವನೇ. ಆದರೆ ರೇಖಾ ಬಂದ ಮೇಲೆ ಸಿನಿಮಾ ಹೆಂಡತಿಯದಾಯಿತು. ಶೀರ್ಷಿಕೆ ಕೂಡ ದೆವ್ವದ ಬಾಯಿಂದ ಹೆಂಡತಿಯ ಕೊರಳಿಗೆ ಬಂತು. ಇಂದು ‘ಮಂಗಳಸೂತ್ರ’ವನ್ನು ನೆನೆಯುವವರು ವಿರಳ. ಕಾಮಿನಿ ಮಾತ್ರ ಕನ್ನಡದಲ್ಲಿ ಇನ್ನೂ ಬದುಕಿದ್ದಾಳೆ. ದೆವ್ವವನ್ನು ಹಾಗೆ ಹೇಳಬಹುದಾದರೆ.

ರಾಜಶೇಖರ್ ಅವರ ಕಥೆ ಇದಕ್ಕೆ ತದ್ವಿರುದ್ಧ. ಕನ್ನಡದಲ್ಲಿ ‘ಹುಣ್ಣಿಮೆಯ ರಾತ್ರಿಯಲ್ಲಿ’ ಮಾಡಿದವರು 1980ರಲ್ಲೇ ಅದನ್ನು ತೆಲುಗಿನಲ್ಲಿ ‘ಪುನ್ನಮಿ ನಾಗು’ ಮಾಡಿದರು. ಚಿಕ್ಕಂದಿನಿಂದ ವಿಷ ಉಣ್ಣಿಸಿ ಬೆಳೆಸಿದ ಹಾವಾಡಿಗನ ಮಗ ಹುಣ್ಣಿಮೆಯ ರಾತ್ರಿ ಹಾವಿನಂತಾಗುವ ಕಥೆ. ಆ ಪಾತ್ರ ಮಾಡಿದ ಹುಡುಗ ಚಿರಂಜೀವಿ. ಆಗಿನ್ನೂ ಮೆಗಾಸ್ಟಾರ್ ಅಲ್ಲ, ಯಾವ ಪಾತ್ರ ಕೊಟ್ಟರೂ ಮೈಮುರಿದು ಮಾಡುತ್ತಿದ್ದ ಹೊಸಬ. ತೆಲುಗಿನವರು ಅದನ್ನು ಇಂದಿಗೂ ಚಿರಂಜೀವಿಯ ಆರಂಭದ ಮುಖ್ಯ ಚಿತ್ರವೆಂದು ಎಣಿಸುತ್ತಾರೆ. ಕನ್ನಡದ ಮೂಲ ಮಾತ್ರ ನಮ್ಮವರಿಗೇ ಮರೆತುಹೋಗಿದೆ. ಹಾಗಾಗಿ ‘ಮೂಲವೇ ಮೇಲು’ ಎನ್ನುವುದು ಯಾವಾಗಲೂ ನಡೆಯುವ ಮಾತಲ್ಲ. ನಾವು ಯಾವುದನ್ನು ನೆನಪಿಟ್ಟುಕೊಂಡಿದ್ದೇವೋ ಅದರ ಪರವಾಗಿ ಮಾತ್ರ ವಾದಿಸುತ್ತೇವೆ.

‘ಆಪ್ತಮಿತ್ರ’ಕ್ಕೆ ಮತ್ತೆ ಬರುತ್ತೇನೆ. ಅದು ಚಿಲ್ಲರೆ ದುಡ್ಡಿನ ಸಿನಿಮಾ ಅಲ್ಲ, ನಿಜ. ಆದರೆ ಅದರ ಹಿಂದಿದ್ದ ಜೇಬು ಬರಿದಾಗುತ್ತ ಬಂದಿದ್ದ ಜೇಬು. ಹುಣಸೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಅಣ್ಣನ ಜೊತೆ ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ಕೂತು, ಅದನ್ನು ಬಿಟ್ಟು ಸಿನಿಮಾಕ್ಕೆ ಹೋದ ದ್ವಾರಕೀಶ್ ಸಾಲು ಸಾಲು ಸೋಲುಗಳಲ್ಲಿ ಸೋತು ಸುಣ್ಣವಾಗಿದ್ದ ಹೊತ್ತು ಅದು. ಆ ಚಿತ್ರ ಅವರನ್ನು ಎತ್ತಿ ನಿಲ್ಲಿಸಿತು. ಗೆಳೆತನ ಮುರಿದು ಮತ್ತೆ ಕೂಡಿದ್ದ ಇಬ್ಬರು ಮೈಸೂರಿಗರು, ವಿಷ್ಣು ಮತ್ತು ದ್ವಾರಕೀಶ್, ಸೇರಿ ಗೆದ್ದ ಚಿತ್ರ ಎಂಬ ಅಭಿಮಾನವೂ ಈ ಊರಿಗಿತ್ತು.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಚಿತ್ರದಲ್ಲಿ ನಾಗವಲ್ಲಿ ಮೈದುಂಬುವ ಗಂಗಾಳ ಪಾತ್ರ ಸೌಂದರ್ಯ ಅವರದು. 2004ರ ಏಪ್ರಿಲ್ 17ರಂದು ಬೆಂಗಳೂರಿನ ಬಳಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಚಿತ್ರ ಬಂದದ್ದು ನಾಲ್ಕು ತಿಂಗಳ ಮೇಲೆ. ಆಗ ಥಿಯೇಟರಿನಲ್ಲಿ ಕೂತಿದ್ದವರಿಗೆ ಅದು ಬರೀ ಕಥೆಯಾಗಿರಲಿಲ್ಲ. ಕಣ್ಣಗಲಿಸಿ, ಜಡೆ ಬಿಚ್ಚಿ, ಇನ್ನೊಬ್ಬಳಾಗಿ ನಿಂತಿದ್ದ ಹೆಂಗಸು ಈ ಲೋಕದಲ್ಲೇ ಇಲ್ಲ ಎಂಬುದು ಬಾಲ್ಕನಿಯಿಂದ ಮುಂದಿನ ಸಾಲಿನವರೆಗೆ ಎಲ್ಲರಿಗೂ ಗೊತ್ತಿತ್ತು. ಹೆದರಿಕೆ ಮತ್ತು ದುಃಖ ಒಂದರೊಳಗೊಂದು ಬೆರೆತ ಅಂಥ ಪ್ರದರ್ಶನ ನಾನು ಆಮೇಲೆ ನೋಡಿಲ್ಲ. ‘ಚಂದ್ರಮುಖಿ’ಯ ಜ್ಯೋತಿಕಾ ಚೆನ್ನಾಗಿಯೇ ಮಾಡಿದ್ದಾರೆ. ತಮಿಳರು ಅದನ್ನು ಮೆಚ್ಚಿಕೊಂಡದ್ದು ಸರಿಯೇ. ಆದರೆ ಕನ್ನಡಿಗ ಆ ಕುಣಿತವನ್ನು ನೋಡುವಾಗ ಕಣ್ಣಮುಂದೆ ಕಾಣುವುದು ಇನ್ನೊಂದು ಮುಖ. ಅದನ್ನು ಯಾವ ನಿರ್ದೇಶಕನೂ ಎರಡನೆಯ ಸಲ ಚಿತ್ರೀಕರಿಸಲಾರ.

ವಿಧಿ ಅಷ್ಟಕ್ಕೇ ನಿಲ್ಲಲಿಲ್ಲ. ವಾಸು ಮುಂದಿನ ಭಾಗವಾಗಿ ‘ಆಪ್ತರಕ್ಷಕ’ ಮಾಡಿದರು. ವಿಷ್ಣುವರ್ಧನ್ ಅವರ ಇನ್ನೂರನೆಯ ಚಿತ್ರವೆಂದು ಎಣಿಸುವ ಅದು ತೆರೆಗೆ ಬಂದದ್ದು 2010ರ ಫೆಬ್ರುವರಿಯಲ್ಲಿ. ನಾಯಕ 2009ರ ಡಿಸೆಂಬರ್ 30ರಂದು ಇದೇ ಮೈಸೂರಿನಲ್ಲಿ ಕೊನೆಯುಸಿರೆಳೆದಿದ್ದರು. ಮೊದಲ ಚಿತ್ರ ಬರುವ ಹೊತ್ತಿಗೆ ನಾಯಕಿ ಇಲ್ಲ, ಎರಡನೆಯದು ಬರುವ ಹೊತ್ತಿಗೆ ನಾಯಕ ಇಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ವಾಸು ಅದನ್ನು ತೆಲುಗಿನಲ್ಲಿ ವೆಂಕಟೇಶ್ ಅವರೊಂದಿಗೆ ‘ನಾಗವಲ್ಲಿ’ ಮಾಡಿದಾಗ ಇಲ್ಲಿನ ಅಭಿಮಾನಿಗಳಿಗೆ ಅನ್ನಿಸಿದ್ದನ್ನು ಬರೀ ಹೊಟ್ಟೆಕಿಚ್ಚು ಎನ್ನಲಾಗದು. ಇನ್ನೂ ವರ್ಷದ ತಿಥಿ ಆಗಿರಲಿಲ್ಲ. ಹಾಗೆ ನೋಡಿದರೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಮಂತ್ರವಾದಿ ಆಚಾರ್ಯನಾಗಿ ನಿಂತವರು ನಮ್ಮ ಅವಿನಾಶ್ ಒಬ್ಬರೇ. ಅಭಿಮಾನಿಗಳ ಸಿಟ್ಟು ಅವರ ಮೇಲೆ ಹೋದದ್ದನ್ನು ನಾನು ಕೇಳಿಲ್ಲ. ಪೂಜಾರಿಯ ಮೇಲೆ ಯಾರಿಗೆ ಸಿಟ್ಟು?

ಇನ್ನು ಪವನ್ ಕುಮಾರ್. ಈ ವಿಷಯಕ್ಕೆ ಸರಿಯಾಗಿ ಹೊಂದುವ ಉದಾಹರಣೆ ಅವರದೇ. ದುಡ್ಡು ಹಾಕುವವರು ಸಿಗದೆ ಅವರು 2012ರಲ್ಲಿ ಪ್ರೇಕ್ಷಕರ ಮುಂದೆಯೇ ಕೈಚಾಚಿದರು. ನೂರಹತ್ತು ಮಂದಿ ಸೇರಿ ಸುಮಾರು 51 ಲಕ್ಷ ರೂಪಾಯಿ ಕೂಡಿಸಿದರು, ಅದೂ ಒಂದು ತಿಂಗಳೊಳಗೆ. ‘ಲೂಸಿಯಾ’ 2013ರಲ್ಲಿ ಬಂತು. ಅಂದಿನಿಂದ ಪವನ್ ಸಿನಿಮಾ ಎಂದರೆ ನೋಡುಗನಿಗೆ ಅದರಲ್ಲಿ ತನಗೂ ಒಂದು ಪಾಲಿದೆ ಎಂಬ ಭಾವನೆ. ದುಡ್ಡು ಕೊಡದವರಿಗೂ ಹಾಗನ್ನಿಸುತ್ತಿತ್ತು, ಅದೇ ತಮಾಷೆ.

2016ರ ಮೇ 20ರಂದು ‘ಯೂ ಟರ್ನ್’ ತೆರೆಕಂಡಿತು. ದೆವ್ವದ ಸಿನಿಮಾ, ಆದರೆ ಹಾಳು ಬಂಗಲೆಯಿಲ್ಲ, ಹುಣಸೆ ಮರವಿಲ್ಲ, ಬಿಳಿಸೀರೆಯಿಲ್ಲ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರು, ಅದರ ನಡುವಿನ ಸಿಮೆಂಟಿನ ಕಲ್ಲುಗಳು. ಮುಂದೆ ಹೋಗಿ ಸುತ್ತಿಕೊಂಡು ಬರಲು ಸೋಮಾರಿತನ ಪಟ್ಟು ಬೈಕಿನವರು ಆ ಕಲ್ಲನ್ನು ಸರಿಸಿ ತಿರುಗಿಸಿಕೊಳ್ಳುತ್ತಾರೆ, ಕಲ್ಲು ರಸ್ತೆಯ ನಡುವೆ ಹಾಗೇ ಉಳಿಯುತ್ತದೆ. ಪತ್ರಿಕೆಯಲ್ಲಿ ತರಬೇತಿಗೆ ಸೇರಿದ ಹುಡುಗಿಯೊಬ್ಬಳು ಆ ಬೈಕುಗಳ ನಂಬರ್ ಹಿಡಿದು ಹೊರಡುತ್ತಾಳೆ. ನಂಬರಿನವರು ಒಬ್ಬೊಬ್ಬರಾಗಿ ಸತ್ತಿರುತ್ತಾರೆ. ಕೊನೆಯ ಗುಟ್ಟನ್ನು ನಾನು ಬಿಚ್ಚುವುದಿಲ್ಲ, ನೋಡದವರು ಇನ್ನೂ ಇರಬಹುದು.

ಈ ದೆವ್ವ ಹೆದರಿಸಿದ್ದಕ್ಕೆ ಕಾರಣ ಅದು ನಮ್ಮೆಲ್ಲರ ವಿಳಾಸ ಗೊತ್ತಿರುವ ದೆವ್ವವಾದದ್ದು. ರಿಂಗ್ ರಸ್ತೆಯಲ್ಲಿ ರಾಂಗ್ ಸೈಡಿನಲ್ಲಿ ಬರದ ಮೈಸೂರಿಗ ಎದೆ ಮುಟ್ಟಿಕೊಂಡು ಹೇಳಲಿ. ಮತ್ತೊಂದು ಕಾರಣ ಶ್ರದ್ಧಾ ಶ್ರೀನಾಥ್. ಕನ್ನಡದ ಪರದೆಗೆ ಆಕೆ ಹೊಸ ಮುಖ. ಗೊತ್ತಿಲ್ಲದ ಮುಖವೊಂದು ಅಪಾಯದಲ್ಲಿದ್ದಾಗ ಅದು ಸತ್ತರೂ ಸಾಯಬಹುದು ಎಂಬ ಅಳುಕು ನೋಡುಗನಲ್ಲಿ ಕೂತಿರುತ್ತದೆ. ಕಡಿಮೆ ದುಡ್ಡಿನ ದೆವ್ವದ ಸಿನಿಮಾಗಳ ನಿಜವಾದ ಬಂಡವಾಳ ಇದು. ತಾರೆಯನ್ನು ಕರೆಸಲು ದುಡ್ಡಿಲ್ಲ, ಹಾಗಾಗಿ ಯಾರ ಪ್ರಾಣಕ್ಕೂ ಖಾತರಿಯಿಲ್ಲ.

ಎರಡು ವರ್ಷದ ಮೇಲೆ, 2018ರ ಸೆಪ್ಟೆಂಬರ್ 13ರಂದು, ಪವನ್ ಅದನ್ನೇ ತೆಲುಗು ಮತ್ತು ತಮಿಳಿನಲ್ಲಿ ಒಟ್ಟಿಗೆ ಮಾಡಿ ತಂದರು. ಸಮಂತಾ, ಆದಿ ಪಿನಿಶೆಟ್ಟಿ, ಭೂಮಿಕಾ. ಮೊದಲರ್ಧವನ್ನು ಹೆಚ್ಚುಕಡಿಮೆ ಹಾಗೇ ಉಳಿಸಿ, ಎರಡನೆಯ ಅರ್ಧದಲ್ಲಿ ಕೈಯಾಡಿಸಿದರು. ಚಿತ್ರ ನುಣುಪಾಗಿದೆ, ಬೆಳಕು ಹದವಾಗಿದೆ, ಮಳೆ ಬೇಕಾದಲ್ಲಿ ಬೇಕಾದಷ್ಟು ಸುರಿಯುತ್ತದೆ. ಕನ್ನಡದ ಅಭಿಮಾನಿಗಳು ಎರಡು ಪಂಗಡವಾದರು. ‘ನಮ್ಮ ಹುಡುಗ ಸಮಂತಾಗೆ ಆ್ಯಕ್ಷನ್ ಹೇಳೋ ಹಂಗಾದ ನೋಡು ಗುರು’ ಎಂಬ ಹೆಮ್ಮೆಯವರು ಒಂದು ಕಡೆ. ‘ಮೂಲದ ಗತ್ತು ಇಲ್ಲ ಬಿಡು’ ಎಂದವರು ಇನ್ನೊಂದು ಕಡೆ. ಬಹಳಷ್ಟು ಸಲ ಈ ಎರಡೂ ಮಾತು ಒಂದೇ ಬಾಯಿಂದ ಬರುತ್ತಿದ್ದವು.

ನನ್ನ ಮಟ್ಟಿಗೆ ಎರಡನೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಸಮಂತಾ ಒಳ್ಳೆಯ ನಟಿ, ಈ ಪಾತ್ರಕ್ಕೆ ಶ್ರಮಪಟ್ಟಿದ್ದಾರೆ. ಆದರೆ ತಾರೆ ಬಂದ ಕೂಡಲೇ ದೆವ್ವದ ಬಲ ಕುಗ್ಗುತ್ತದೆ. ಇವಳಿಗೇನೂ ಆಗುವುದಿಲ್ಲ ಎಂದು ಪೋಸ್ಟರೇ ಹೇಳಿಬಿಟ್ಟಿರುತ್ತದೆ. ಇನ್ನರ್ಧ ಸತ್ಯವನ್ನು ಅಭಿಮಾನಿಗಳು ಒಪ್ಪುವುದಿಲ್ಲ: ಕನ್ನಡದ್ದನ್ನು ನೋಡಿದವನು ತೆಲುಗಿನದನ್ನು ನೋಡಲು ಹೋದಾಗ ಅವನು ಪ್ರೇಕ್ಷಕನೇ ಅಲ್ಲ, ತಪಾಸಣೆಗೆ ಬಂದ ಅಧಿಕಾರಿ. ಬಾಗಿಲು ಯಾವಾಗ ಬಡಿಯುತ್ತದೆ, ಲಿಫ್ಟು ಯಾವಾಗ ನಿಲ್ಲುತ್ತದೆ ಎಂದು ಗೊತ್ತಿದ್ದವನು ಹೆದರಲಿಲ್ಲವೆಂದು ದೂರಿದರೆ ನಿರ್ದೇಶಕ ಏನು ಮಾಡಿಯಾನು? ಹೈದರಾಬಾದಿನ ಹುಡುಗಿಗೆ ಸಮಂತಾದ್ದೇ ಮೂಲ, ಅವಳ ರಾತ್ರಿ ನಿದ್ದೆ ಹಾಳಾದದ್ದು ಅದರಿಂದಲೇ.

ದಯಾಳ್ ಪದ್ಮನಾಭನ್ ಇನ್ನೂ ಮುಂದೆ ಹೋದರು. ಮೋಹನ್ ಹಬ್ಬು ಅವರ ನಾಟಕ ಆಧರಿಸಿದ ‘ಆ ಕರಾಳ ರಾತ್ರಿ’ಯನ್ನು 2018ರಲ್ಲಿ ಕನ್ನಡದಲ್ಲಿ, 2020ರಲ್ಲಿ ‘ಅನಗನಗಾ ಓ ಅತಿಥಿ’ ಎಂದು ತೆಲುಗಿನಲ್ಲಿ, 2023ರಲ್ಲಿ ‘ಕೊಂಡ್ರಾಲ್ ಪಾವಂ’ ಎಂದು ತಮಿಳಿನಲ್ಲಿ ತಾವೇ ಮಾಡಿದರು. ದೆವ್ವವಿಲ್ಲದ ಭಯ ಅದು. ಒಂದು ಮನೆ, ಒಂದು ರಾತ್ರಿ, ಒಬ್ಬ ಅತಿಥಿ. ಆಶ್ಚರ್ಯವೆಂದರೆ ಇದಕ್ಕೆ ಗಲಾಟೆ ಆದದ್ದು ಕಡಿಮೆ. ಬಹುಶಃ ನಾಟಕದಿಂದ ಬಂದ ಕಥೆಯನ್ನು ಊರೂರಿನಲ್ಲಿ ಬೇರೆ ಬೇರೆ ತಂಡ ಆಡುವುದು ನಮಗೆ ರೂಢಿಯಿದೆ.

ಹೊರಗಿನ ಲೋಕದಲ್ಲೂ ಈ ತಗಾದೆ ಇದೆ. ಜಪಾನಿನ ತಕಾಶಿ ಶಿಮಿಜು 1998ರಲ್ಲಿ ಟಿವಿಗಾಗಿ ಮಾಡಿದ ಎರಡು ಪುಟ್ಟ ಚಿತ್ರಗಳಿಂದ ಶುರುಮಾಡಿ, 2000ದಲ್ಲಿ ನೇರ ವಿಡಿಯೊಗೆ ‘ಜು-ಆನ್’, 2002ರಲ್ಲಿ ಥಿಯೇಟರಿಗೆ ಇನ್ನೊಮ್ಮೆ, 2004ರಲ್ಲಿ ಹಾಲಿವುಡ್‌ಗೆ ‘ದಿ ಗ್ರಜ್’ ಮಾಡಿದರು. ನಾಯಕಿಯರು ಬದಲಾದರು, ದೆವ್ವದ ಪಾತ್ರದ ತಕಾಕೊ ಫುಜಿ ಮಾತ್ರ ಹಾಲಿವುಡ್‌ವರೆಗೂ ಹೋದರು. ದುಡ್ಡು ಸುರಿಯಿತು. ಹಳಬರು ಮಾತ್ರ ಆ ಮಸುಕು ವಿಡಿಯೊವನ್ನೇ ಎದೆಗವಚಿಕೊಂಡಿದ್ದಾರೆ. ಡಚ್ ನಿರ್ದೇಶಕ ಜಾರ್ಜ್ ಸ್ಲೈಜರ್ 1988ರ ತಮ್ಮ ‘ದಿ ವ್ಯಾನಿಶಿಂಗ್’ ಚಿತ್ರವನ್ನು 1993ರಲ್ಲಿ ಹಾಲಿವುಡ್‌ಗೆ ಮಾಡುವಾಗ ಎದೆ ನಡುಗಿಸುವ ಕೊನೆಯನ್ನೇ ಬದಲಿಸಿ ಶುಭಂ ಹಾಡಿದರು. ಅವರ ಅಭಿಮಾನಿಗಳು ಅದನ್ನು ಇನ್ನೂ ಕ್ಷಮಿಸಿಲ್ಲ, ಮತ್ತು ಅಲ್ಲಿ ನಾನು ಪೂರ್ತಿ ಅಭಿಮಾನಿಗಳ ಪಕ್ಷ. ಸ್ಯಾಮ್ ರೈಮಿಯದು ಬೇರೆಯೇ ಜಾತಿ. ಗೆಳೆಯರೊಂದಿಗೆ ಕಾಡಿನ ಮನೆಯಲ್ಲಿ ಮಾಡಿದ ‘ಈವಿಲ್ ಡೆಡ್’ 1981ರದು. 1987ರ ಎರಡನೆಯ ಭಾಗದ ಮೊದಲ ಕೆಲವು ನಿಮಿಷಗಳಲ್ಲಿ ಹಳೆಯ ಕಥೆಯನ್ನೇ ಮತ್ತೆ ಚಿತ್ರೀಕರಿಸಿ, ಆಮೇಲೆ ಅದನ್ನು ನಗೆಯ ಕಡೆಗೆ ತಿರುಗಿಸಿಬಿಟ್ಟರು. ಅದು ಮುಂದುವರಿದ ಭಾಗವೋ ರೀಮೇಕೋ ಎಂದು ಇಂದಿಗೂ ಜಗಳವಾಡುತ್ತಾರೆ, ಆದರೆ ಎರಡನ್ನೂ ಪ್ರೀತಿಸುತ್ತಾರೆ. ಎರಡನೆಯ ಸಲ ಹೆದರಿಸಲಾಗದು ಎಂದು ಅರಿತವನು ನಗಿಸಲು ಹೊರಟ. ನನಗೆ ಅದು ಜಾಣತನವಾಗಿ ಕಾಣುತ್ತದೆ.

ಆದರೆ ಅವರ ಜಗಳಕ್ಕೂ ನಮ್ಮದಕ್ಕೂ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ‘ರೀಮೇಕ್’ ಎಂಬುದು ಬೈಗುಳವಾಗಿಯೇ ಬೆಳೆದದ್ದು. ದಶಕಗಟ್ಟಲೆ ತಮಿಳು, ತೆಲುಗು, ಮಲಯಾಳದ ಕಥೆಗಳನ್ನು ತಂದು ಮಾಡುತ್ತಾರೆಂದು ಕನ್ನಡ ಚಿತ್ರರಂಗ ಹಂಗಿಸಿಕೊಂಡಿದೆ. ಸರ್ಕಾರ ಕೂಡ ಸ್ವಮೇಕ್ ಚಿತ್ರಗಳನ್ನೇ ಸಹಾಯಧನ ಕೊಟ್ಟು ಬೆನ್ನುತಟ್ಟಿತು. ಜೊತೆಗೆ ಡಬ್ಬಿಂಗ್‌ಗೆ ಇಲ್ಲಿ ಅರ್ಧ ಶತಮಾನ ಬಾಗಿಲು ಮುಚ್ಚಿತ್ತು. ಅದನ್ನು ತಡೆಯುವುದು ಸರಿಯಲ್ಲವೆಂದು ಸ್ಪರ್ಧಾ ಆಯೋಗ ಆದೇಶ ಕೊಟ್ಟದ್ದು 2015ರಲ್ಲಿ. ಹೀಗೆ ಬೇರೆಯವರ ಕಥೆ ಒಳಗೆ ಬರಬೇಕಾದರೆ ರೀಮೇಕೇ ದಾರಿಯಾಗಿತ್ತು. ನಮ್ಮ ಕಥೆ ಹೊರಗೆ ಹೋಗುವಾಗಲೂ ನಮ್ಮವರು ಹಿಡಿದದ್ದು ಅದೇ ದಾರಿಯನ್ನು. ಅಪರೂಪಕ್ಕೆ ನಮ್ಮದೊಂದು ಕಥೆ ಹೊರಟಾಗ ‘ನೋಡಿ, ಮೂಲ ನಮ್ಮದು’ ಎಂದು ಎದೆಯುಬ್ಬಿಸುವುದು ಸಹಜ. ಅದು ಹೊರಗೆ ನಮ್ಮದಕ್ಕಿಂತ ದೊಡ್ಡದಾಗಿ, ಕನ್ನಡದ ಹೆಸರೇ ಇಲ್ಲದೆ ನಿಂತಾಗ ಕುದಿಯುವುದೂ ಸಹಜ. ‘ಯೂ ಟರ್ನ್’ ಮುಂದೆ ಫಿಲಿಪ್ಪೀನ್ಸ್‌ನಲ್ಲಿ 2020ರಲ್ಲಿ, ಹಿಂದಿಯಲ್ಲಿ 2023ರಲ್ಲಿ ಬೇರೆ ನಿರ್ದೇಶಕರ ಕೈಯಲ್ಲಿ ಬಂತು. ಅದರ ಬೇರು ಡಬಲ್ ರೋಡಿನಲ್ಲಿದೆ ಎಂದು ಮನಿಲಾದಲ್ಲಿ ಎಷ್ಟು ಜನಕ್ಕೆ ಗೊತ್ತು?

ಅಷ್ಟರಲ್ಲಿ ನಿರ್ದೇಶಕನ ಕಷ್ಟ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಚಿತ್ರಕ್ಕೆ ಇರುವುದು ಇದೊಂದು ರಾಜ್ಯ, ಅದರಲ್ಲೂ ಶುಕ್ರವಾರಕ್ಕೆ ನಾಲ್ಕೈದು ಭಾಷೆಗಳ ಪೈಪೋಟಿ. ಮೈಸೂರಿನಲ್ಲೇ ನೋಡಿ, ಶಾಂತಲಾದಂಥ ಥಿಯೇಟರ್ ಕೊರೊನಾ ವರ್ಷದಲ್ಲಿ ಬಾಗಿಲು ಹಾಕಿತು. ಅಂಥ ಹಾಲ್‌ಗಳ ಕೊನೆಯ ಆಟಕ್ಕೆ ಮುವ್ವತ್ತು ಜನರೂ ಇಲ್ಲದಿದ್ದ ದಿನಗಳನ್ನು ಊರಿನವರೇ ನೋಡಿದ್ದಾರೆ. ಹೊಸಬನೊಬ್ಬನ ಸಣ್ಣ ಸಿನಿಮಾವನ್ನು ಮೂರನೆಯ ವಾರದಲ್ಲಿ, ಅದೂ ಯಾರೋ ಚೆನ್ನಾಗಿದೆ ಎಂದ ಮೇಲೆ ನೋಡಲು ಹೊರಡುವವರು ನಾವು. ಅಷ್ಟು ಹೊತ್ತಿಗೆ ಅದನ್ನು ತೆಗೆದುಹಾಕಿರುತ್ತಾರೆ. ಪಕ್ಕದ ರಾಜ್ಯದವನು ಕರೆದು, ನಿನ್ನ ಕಥೆಗೆ ಐದು ಪಟ್ಟು ದುಡ್ಡು ಕೊಡುತ್ತೇನೆ, ನೀನೇ ಬಾ ಎಂದಾಗ ಬೇಡವೆನ್ನಲು ನಿರ್ದೇಶಕನಿಗೂ ಮನೆ ಬಾಡಿಗೆ ಇರುತ್ತದಲ್ಲ. ಮೂಲವನ್ನು ಕಾಪಾಡಬೇಕಾದವರು ಯಾರು ಎಂದು ಕೇಳಿದರೆ ನನ್ನ ಬೆರಳು ಪವನ್ ಕಡೆಗಾಗಲಿ ವಾಸು ಕಡೆಗಾಗಲಿ ತಿರುಗುವುದಿಲ್ಲ. ‘ಹುಣ್ಣಿಮೆಯ ರಾತ್ರಿಯಲ್ಲಿ’ಯನ್ನು ಮರೆತವರು ಅವರಲ್ಲ.

ಈ ಇಡೀ ಜಗಳಕ್ಕೆ ಈಗ ವಯಸ್ಸಾಯಿತೇನೋ. 2022ರಲ್ಲಿ ‘ಕಾಂತಾರ’ ಮೊದಲು ಕನ್ನಡದಲ್ಲಷ್ಟೇ ಬಂದು, ಎರಡು ವಾರದಲ್ಲಿ ಡಬ್ ಆಗಿ ದೇಶವೆಲ್ಲ ಸುತ್ತಿತು. ಹಿಂದಿಯವರು ಹಿಂದಿಯ ನಾಯಕನನ್ನು ಕೇಳಲಿಲ್ಲ. ಅದು ದೊಡ್ಡ ಸಿನಿಮಾ ಎನ್ನಬಹುದು. ಸಣ್ಣದರ ಕಥೆ ಹೇಳುತ್ತೇನೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಬಳಿಯ ತೂಮಿನಾಡಿನ ರಂಗಕರ್ಮಿ ಜೆ.ಪಿ. ತುಮಿನಾಡು 2025ರ ಜುಲೈನಲ್ಲಿ ‘ಸು ಫ್ರಮ್ ಸೋ’ ತಂದರು. ಸೋಮೇಶ್ವರದ ಸುಲೋಚನಾ ಊರ ಹುಡುಗನ ಮೈಮೇಲೆ ಬಂದಳೆಂದು ಊರಿಗೆ ಊರೇ ನಡುಗುವ, ನಡುಗುತ್ತಲೇ ನಗಿಸುವ ಚಿತ್ರ. ರಾಜ್ ಬಿ. ಶೆಟ್ಟಿ ಬಿಟ್ಟರೆ ಮೈಸೂರಿನವರಿಗೆ ಗುರುತಿನ ಮುಖಗಳು ಕಡಿಮೆ, ಮಾತು ಅಪ್ಪಟ ಕರಾವಳಿಯದು. ಮೊದಮೊದಲು ಸೀಟು ಸಿಕ್ಕಿತು. ಆಮೇಲೆ ಟಿಕೆಟ್‌ಗೆ ಶಿಫಾರಸು ಬೇಕಾಯಿತು. ಹತ್ತಿಪ್ಪತ್ತು ವರ್ಷದ ಹಿಂದಾಗಿದ್ದರೆ ಈ ಸುಲೋಚನಾ ಮಲಯಾಳದ ಯಾವುದೋ ತಾರೆಯ ಮೈಮೇಲೆ ಬರಬೇಕಿತ್ತು, ತೆಲುಗಿನಲ್ಲಿ ಅವಳಿಗೊಂದು ಐಟಂ ಹಾಡು ಸೇರಬೇಕಿತ್ತು. ಅದರ ಬದಲು ಆಗಸ್ಟಿನ ಮೊದಲ ವಾರಗಳಲ್ಲೇ ಅದೇ ಚಿತ್ರ, ಅದೇ ಮುಖಗಳು, ಮಲಯಾಳ ಮತ್ತು ತೆಲುಗಿನ ದನಿ ಹಚ್ಚಿಕೊಂಡು ಹೋದವು. ಜೆ.ಪಿ. ತಮ್ಮ ಸಿನಿಮಾವನ್ನು ಇನ್ನೊಮ್ಮೆ ಮಾಡುವ ಅಗತ್ಯವೇ ಬೀಳಲಿಲ್ಲ. ಮಲಯಾಳದಲ್ಲಿ ಯಾರನ್ನು ಹಾಕಿಕೊಳ್ಳುತ್ತಾರೆ ಎಂಬ ಚರ್ಚೆಯನ್ನು ನನ್ನ ಗೆಳೆಯರು ಆ ಹೊತ್ತಿಗೆ ಆಗಲೇ ಶುರುಮಾಡಿದ್ದರು. ಫಹಾದ್‌ಗೆ ಇಬ್ಬರ ಓಟು ಬಿದ್ದಿತ್ತು.